ವ್ಯಾಗನ್ ಎಣಿಸಿದ ಜಡ್ಜು

ಬ್ಯಾಡಗಿಯ ಓದುಗರೊಬ್ಬರು ಬರೆಯುತ್ತಾರೆ: "ದೊಡ್ಡ ಗಿರಾಕಿಗೆ ಕಡಿಮೆ ರೈಲು ದರ ಹಾಕಿದ್ದಕ್ಕೆ ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರ್ ದಂಡ ಬಿದ್ದಿತ್ತಂತೆ. ರೈಲ್ವೆಯವರು ಅಷ್ಟು ದುಡ್ಡು ಕಟ್ಟಿದರಾ? ತಂತಿ (ಟೆಲಿಗ್ರಾಂ) ಕಂಪನಿಗಳಿಗೂ ಇಂಥ ಕಾನೂನು ಇತ್ತಾ? ನಮ್ಮೂರ ಲಾರಿಯವರೂ ಹೀಗೇ ಮಾಡ್ತಾರೆ."

ಕಟ್ಟಲಿಲ್ಲ ಸ್ವಾಮಿ, ಒಂದು ಡಾಲರ್ ಕೂಡ ಕಟ್ಟಲಿಲ್ಲ. ನೀವು ಕೇಳಿದ ಆ ದಂಡ ಬಿದ್ದದ್ದು ರೈಲ್ವೆಗಲ್ಲ, ಸರಕು ಕಳಿಸಿದ ಎಣ್ಣೆ ಕಂಪನಿಗೆ.

ಒಬ್ಬರಿಗೊಂದು ದರ, ಇನ್ನೊಬ್ಬರಿಗೊಂದು ದರ ಹಾಕಬಾರದು ಅಂತ ಅಮೆರಿಕದ ಸಂಸತ್ತು 1887ರಲ್ಲೇ ಕಾನೂನು ಮಾಡಿತ್ತು. ತಪ್ಪಿಗೆ 5,000 ಡಾಲರ್‌ವರೆಗೆ ದಂಡ. ರೈಲ್ವೆಗಳು ಅದಕ್ಕೂ ದಾರಿ ಹುಡುಕಿಕೊಂಡವು. ಬೋರ್ಡಿನಲ್ಲಿ ಒಂದು ದರ ಬರೆಯುವುದು, ಆಮೇಲೆ ದೊಡ್ಡ ಗಿರಾಕಿಗೆ ಒಳಗಿಂದೊಳಗೇ ಸ್ವಲ್ಪ ವಾಪಸ್ ಕೊಡುವುದು. ಹಾಗಾಗಿ 1903ರ ಎಲ್ಕಿನ್ಸ್ ಕಾಯ್ದೆ ಕೊಟ್ಟವನ ಜೊತೆ ಇಸ್ಕೊಂಡವನನ್ನೂ ಹಿಡಿಯಿತು. ಪ್ರತಿ ತಪ್ಪಿಗೆ 1,000ದಿಂದ 20,000 ಡಾಲರ್.

ಈಗ ನಿಮ್ಮ ಕೇಸಿಗೆ ಬರೋಣ. ಇಂಡಿಯಾನಾ ರಾಜ್ಯದ ವೈಟಿಂಗ್‌ನಿಂದ ಈಸ್ಟ್ ಸೇಂಟ್ ಲೂಯಿಸ್‌ಗೆ ಎಣ್ಣೆ ಸಾಗಿಸಲು 100 ಪೌಂಡಿಗೆ 18 ಸೆಂಟ್ ದರ. ಸ್ಟ್ಯಾಂಡರ್ಡ್ ಆಯಿಲ್ ಕೊಡುತ್ತಿದ್ದದ್ದು 6 ಸೆಂಟ್. ಅದೇ ಹಳಿ, ಅದೇ ಎಣ್ಣೆ, ಸಣ್ಣ ವ್ಯಾಪಾರಿಗೆ ಮೂರು ಪಟ್ಟು! ಜಡ್ಜ್ ಲ್ಯಾಂಡಿಸ್ ಪ್ರತಿ ವ್ಯಾಗನ್ನೂ ಒಂದೊಂದು ತಪ್ಪು ಅಂತ ಲೆಕ್ಕ ಹಿಡಿದರು. 1,462 ವ್ಯಾಗನ್, ತಲಾ 20,000. ಒಟ್ಟು 2,92,40,000 ಡಾಲರ್. ಇಂಡಿಯಾನಾದ ಆ ಕಂಪನಿಯ ಬಂಡವಾಳವೇ 10 ಲಕ್ಷ ಡಾಲರ್ ಇತ್ತು. ಇದು 1907ರ ಮಾತು. ಮರುವರ್ಷ ಮೇಲಿನ ಕೋರ್ಟು ತೀರ್ಪು ರದ್ದು ಮಾಡಿತು. ತಪ್ಪನ್ನು ವ್ಯಾಗನ್ ಲೆಕ್ಕದಲ್ಲಿ ಎಣಿಸಿದ್ದೇ ಸರಿಯಲ್ಲ ಅಂದಿತು. 1909ರ ಮರುವಿಚಾರಣೆಯಲ್ಲಿ ಕಂಪನಿ ಬಿಡುಗಡೆಯೂ ಆಯಿತು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ತಂತಿಯವರ 100 ಡಾಲರ್ ದಂಡ. ಇಂಡಿಯಾನಾದ ಕಾನೂನಿನಲ್ಲಿ ಬಂದ ತಂತಿಗಳನ್ನು ಪಾಳಿ ಪ್ರಕಾರವೇ ಕಳಿಸಬೇಕಿತ್ತು. ಹತ್ತಿ ದರ ಏರಿದ ಸುದ್ದಿ ಪಕ್ಕದ ಅಂಗಡಿಯವನಿಗೆ ಬೆಳಿಗ್ಗೆ, ನಿಮಗೆ ಸಂಜೆ ತಲುಪಿದರೆ ಅವತ್ತಿನ ವ್ಯಾಪಾರ ಮುಗಿದ ಹಾಗೇ ಅಲ್ವಾ? ಪಾಳಿ ತಪ್ಪಿಸಿದರೆ ಕಂಪನಿ 100 ಡಾಲರ್ ತೆರಬೇಕು. ಅದೂ ಸರ್ಕಾರಕ್ಕಲ್ಲ, ನಷ್ಟವಾದವನ ಕೈಗೇ.

ಇದಕ್ಕೂ ತಕರಾರು ಬಂತು. ಇಂಡಿಯಾನಾದ ಶೆಲ್ಬಿವಿಲ್‌ನಿಂದ ಅಯೋವಾ ರಾಜ್ಯದ ಒಟಮ್ವಾಗೆ ಹೋಗಬೇಕಿದ್ದ ತಂತಿಯ ಕೇಸಿನಲ್ಲಿ, ಅಯೋವಾದಲ್ಲಿ ತಂತಿ ಹೇಗೆ ತಲುಪಿಸಬೇಕು ಅಂತ ಇಂಡಿಯಾನಾ ಹೇಳುವ ಹಾಗಿಲ್ಲ ಎಂದು 1887ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 1896ರಲ್ಲಿ, ಅಲಬಾಮಾದಿಂದ ಬಂದ ತಂತಿಯನ್ನು ಜಾರ್ಜಿಯಾದಲ್ಲಿ ತಡಮಾಡಿ ಕೊಟ್ಟದ್ದಕ್ಕೆ ಜಾರ್ಜಿಯಾ ಹಾಕಿದ 100 ಡಾಲರ್ ದಂಡವನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. 1910ರಲ್ಲಿ ತಂತಿ ಕಂಪನಿಗಳೂ ರೈಲ್ವೆಗಳ ಹಾಗೆ, ರೈಲು ದರ ನೋಡಿಕೊಳ್ಳುತ್ತಿದ್ದ ಕೇಂದ್ರದ ಆಯೋಗದ ಕೈಕೆಳಗೆ ಬಂದವು.

ನಮ್ಮಲ್ಲಿ 1989ರ ರೈಲ್ವೆ ಕಾಯ್ದೆಯ 70ನೇ ಸೆಕ್ಷನ್ ಇದೇ ಮಾತು ಹೇಳುತ್ತದೆ: ಸರಕು ಸಾಗಣೆಯಲ್ಲಿ ಒಬ್ಬರಿಗೆ ವಿನಾಕಾರಣ ಒಲವು ತೋರಿಸಬಾರದು. ದೂರು ಕೊಡಲು ಮೊದಲು ಚೆನ್ನೈನ ರೈಲ್ವೆ ದರ ನ್ಯಾಯಮಂಡಳಿ ಇತ್ತು; 2017ರಲ್ಲಿ ಅದನ್ನು ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಯಲ್ಲಿ ಸೇರಿಸಿದರು. ಆದರೆ ನಿಮ್ಮ ಮೆಣಸಿನಕಾಯಿ ಚೀಲ ಹೋಗುವುದು ಲಾರಿಯಲ್ಲಿ. ಲಾರಿಯವರಿಗೆ ಈ ಸೆಕ್ಷನ್ ಹಿಡಿಯುವುದಿಲ್ಲ. ಅಲ್ಲಿ ಚೌಕಾಸಿಯೇ ಗತಿ.

– ಸಂ.