ಕಾಲಡಿ ನೀರು, ತೂತು ಎಲ್ಲಿ?

ಪ್ರಶ್ನೆ: ಜೋರು ಮಳೆ ಬಂದ ಮಾರನೇ ದಿನ ನನ್ನ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಕಾಲಡಿ ನೀರು ನಿಂತಿರುತ್ತದೆ. ಮುಂದಿನ ಗ್ಲಾಸಿನ ಸುತ್ತ ಸಿಲಿಕಾನ್ ಹಾಕಿಸಿದೆ, ನಿಲ್ಲಲಿಲ್ಲ. ಈಗ ಬಾಗಿಲಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಬದಲಾಯಿಸಬೇಕು ಅನ್ನುತ್ತಿದ್ದಾರೆ. ಮಾಡಿಸಲಾ? ಸನ್‌ರೂಫ್ ಕೂಡ ಇದೆ.

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ನೀರು ಕಂಡ ಜಾಗವೇ ನೀರು ಬಂದ ಜಾಗ ಅಂದುಕೊಂಡು ಸುಮ್ನೆ ದುಡ್ಡು ಹಾಕುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಮೊದಲು ಒಂದು ಬಿಳಿ ಟಿಶ್ಯೂ ಒತ್ತಿ ನೋಡಿ. ಬಣ್ಣ, ಅಂಟು, ಸಿಹಿ ವಾಸನೆ ಇದ್ದರೆ ಅದು ಮಳೆ ನೀರಲ್ಲ, ಹೀಟರ್ ಕಡೆಯಿಂದ ಸೋರುವ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ. ನೇರ ಮೆಕ್ಯಾನಿಕ್ ಹತ್ತಿರ ಹೋಗಿ. ಮಳೆ ಇಲ್ಲದ ದಿನವೂ ಒದ್ದೆಯಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿರಬಹುದು. ಎಸಿ ಓಡುವಾಗ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಬೇಕು ಅಲ್ವಾ, ಅದು ನಿಂತಿದ್ದರೆ ಒಳಗೇ ಬೀಳುತ್ತಿರಬಹುದು.

ನಿಮ್ಮದು ಮಳೆ ಬಂದಾಗ ಮಾತ್ರ. ಹಾಗಾದರೆ ಬಾನೆಟ್ ಎತ್ತಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಒಳಗೆ ಟಾರ್ಚ್ ಬಿಡಿ. ಗ್ಲಾಸಿನಿಂದ ಇಳಿದ ನೀರೆಲ್ಲ ಅಲ್ಲಿಗೇ ಹೋಗುತ್ತದೆ, ಹೋಗಬೇಕು ಕೂಡ, ಆಮೇಲೆ ಎರಡೂ ಮೂಲೆಯ ತೂತಿನಿಂದ ಕೆಳಗೆ ಹರಿದುಹೋಗಬೇಕು. ಒಣ ಎಲೆ ಬಿದ್ದು, ಕೊಳೆತು, ಕಪ್ಪು ಕೆಸರಾಗಿ ಆ ತೂತಿನಲ್ಲಿ ಕೂತಿರುತ್ತದೆ. ಬೆರಳು ಹಾಕಿದರೆ ಲೋಳೆಯಾಗಿ ಕೈಗೆ ಬರುತ್ತದೆ. ಅದು ಕಟ್ಟಿಕೊಂಡರೆ ನೀರು ತೊಟ್ಟಿಯ ಹಾಗೆ ತುಂಬಿ, ಬ್ಲೋವರ್ (ಎಸಿ ಗಾಳಿ ಊದುವ ಫ್ಯಾನ್) ಗಾಳಿ ಎಳೆಯುವ ಬಾಯಿಯಿಂದ ಒಳಗಿಳಿಯುತ್ತದೆ. ಬ್ಲೋವರ್ ಸಾಮಾನ್ಯವಾಗಿ ಇರುವುದು ನಿಮ್ಮ ಆ ಒದ್ದೆ ಜಾಗದ ಮೇಲೆಯೇ! ನನ್ನ ಮೊದಲ ಅನುಮಾನ ಇದರ ಮೇಲೆ.

ಎರಡನೆಯದು ಸನ್‌ರೂಫ್. ಅದರ ಚೌಕಟ್ಟಿನೊಳಗೆ ಸ್ವಲ್ಪ ನೀರು ಬಂದೇ ಬರುತ್ತದೆ, ಮೂಲೆಗಳ ಸಣ್ಣ ಪೈಪುಗಳು ಅದನ್ನು ಹೊರಗೆ ಕಳಿಸುತ್ತವೆ. ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಹೊಯ್ಯಿರಿ. ಕಾರಿನ ಕೆಳಗೆ ಬರದಿದ್ದರೆ ಮೆತ್ತನೆ ನೈಲಾನ್ ದಾರ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಮಾತ್ರ ಜೋರಾಗಿ ಬಿಡಬೇಡಿ, ಒಳಗೆ ಪೈಪ್ ಕಳಚಿಕೊಂಡರೆ ರೂಫ್ ಲೈನಿಂಗ್ ಬಿಚ್ಚಬೇಕಾಗುತ್ತದೆ.

ಬಾಗಿಲು ಕೊನೆಗೆ. ಸ್ಪೀಕರ್ ಹಾಕಿಸಲು ಯಾವಾಗಲಾದರೂ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿಸಿದ್ದರೆ ಹಿಂದಿನ ಪ್ಲಾಸ್ಟಿಕ್ ಹಾಳೆ ಅಂಟು ಬಿಟ್ಟಿದೆಯಾ ನೋಡಿ. ಬಾಗಿಲ ತಳದ ತೂತುಗಳನ್ನೂ ಕೆದಕಿ.

ಇಷ್ಟಾದರೂ ಗೊತ್ತಾಗದಿದ್ದರೆ ಕಾರ್ಪೆಟ್ ಎತ್ತಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಪೈಪಿನಿಂದ ಸಣ್ಣಗೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೂ ಐದು ನಿಮಿಷ ಕೊಟ್ಟು ಮೇಲೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಒಳಗಿನ ತಗಡಿಗೆ ಚಾಕ್ ಪುಡಿ ಉದುರಿಸಿದ್ದರೆ ನೀರಿನ ಜಾಡು ಗೆರೆಯಾಗಿ ಕಾಣುತ್ತದೆ.

ಒಣಗಿಸುವುದರಲ್ಲಿ ಅವಸರ ಬೇಡ. ಕಾರ್ಪೆಟ್ ಮೇಲೆ ಒಣಗಿದ್ದರೂ ಕೆಳಗಿನ ಫೋಮ್ ಸ್ಪಂಜಿನ ಹಾಗೆ ನೀರು ಹಿಡಿದಿರುತ್ತದೆ, ಮುಗ್ಗಲು ವಾಸನೆಯೂ ಅಲ್ಲಿಂದಲೇ, ವೈರಿಂಗ್ ಕನೆಕ್ಟರ್ ಹಸಿರುಗಟ್ಟುವುದೂ ಅಲ್ಲೇ. ಹಿಂಡಿ, ಎತ್ತಿಟ್ಟು, ಎರಡು ಮೂರು ದಿನ ಫ್ಯಾನ್ ಹಾಕಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದನ್ನು ನೀವು ಎಳೆಯಬೇಡಿ. ಆಮೇಲೆ ಕಾರ್ಪೆಟ್ ಕೆಳಗೆ ಒಂದು ನ್ಯೂಸ್‌ಪೇಪರ್ ಹಾಸಿಟ್ಟು, ಮುಂದಿನ ಮಳೆ ನಿಂತ ಮೇಲೆ ತೆಗೆದು ನೋಡಿ.