ಚೀಲ ಹಗುರವಾಯಿತು, ಸರಿ

ಡೊಂಬಿವಲಿಯ ಹಿರಿಯ ಓದುಗರೊಬ್ಬರ ಪತ್ರ: "ಮೊಮ್ಮಗಳ ಇಂಗ್ಲಿಷ್ ಶಾಲೆಯಲ್ಲಿ ಈ ಜೂನ್‌ನಿಂದ ಪಠ್ಯಪುಸ್ತಕಗಳೇ ಇಲ್ಲ, ಎಲ್ಲವೂ ಟ್ಯಾಬ್‌ನಲ್ಲಿ. ಮಗುವಿನ ಬೆನ್ನಿನ ಹೊರೆ ಇಳಿಯಿತು. ಮುಂಬಯಿಯ ಕನ್ನಡ ಶಾಲೆಗಳೂ ಹೀಗೆ ಮಾಡಿದರೆ ಮಕ್ಕಳು ತಾವಾಗಿ ಬಂದಾರು. ಈ ಬಗ್ಗೆ ನೀವೇಕೆ ಬರೆಯುವುದಿಲ್ಲ?"

ಬರೆಯುತ್ತೇನೆ ಮಹರಾಯರೇ, ಆದರೆ ನಿಮಗೆ ರುಚಿಸಲಿಕ್ಕಿಲ್ಲ.

ಚೀಲದ ಮಾತು ಒಪ್ಪಿದೆ. ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮೊದಲ ಸಲ ಮಾತಾಡಲು ಎದ್ದಾಗ ಎತ್ತಿದ್ದೂ ಇದೇ ಅಳಲು. ಮಹಾರಾಷ್ಟ್ರ ಸರ್ಕಾರ 2015ರಲ್ಲಿ, ಚೀಲ ಮಗುವಿನ ತೂಕದ ಶೇಕಡಾ 10 ಮೀರಬಾರದೆಂದು ಆದೇಶ ಹೊರಡಿಸಿತು. ಅದಕ್ಕೆ ವೇಳಾಪಟ್ಟಿ ಸರಿಪಡಿಸಿ, ತರಗತಿಯಲ್ಲೊಂದು ಕಪಾಟು ಇಡಿ. ಪುಸ್ತಕವನ್ನೇ ಮನೆಯಿಂದಾಚೆ ಹಾಕುವುದೇ?

ತರಗತಿಗಳಲ್ಲಿ ಪರದೆ ತುಂಬಿಕೊಂಡಿದ್ದ ಸ್ವೀಡನ್ 2023ರಲ್ಲಿ ಅಚ್ಚಿನ ಪುಸ್ತಕ ಕೊಳ್ಳಲು ಮತ್ತೆ ಹಣ ತೆಗೆದಿಟ್ಟಿತು. ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು; ಗಣಿತ, ಭಾಷೆಯ ಕಲಿಕೆ ಇದ್ದಲ್ಲೇ ಇತ್ತು. 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2018ರ ಸಂಶೋಧನೆಯಲ್ಲಿ, ಪರದೆಯಲ್ಲಿ ಓದಿದವರಿಗಿಂತ ಕಾಗದದಲ್ಲಿ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ಗಡಿಬಿಡಿಯಲ್ಲಿ ಓದಿದಾಗಲಂತೂ ಅಂತರ ಇನ್ನೂ ಹಿಗ್ಗಿತ್ತು. ನಮ್ಮ ಮಕ್ಕಳು ಗಡಿಬಿಡಿಯಿಲ್ಲದೆ ಓದುವುದು ಯಾವಾಗ, ಹೇಳಿ.

ನನ್ನ ಚಿಂತೆ ಇದಕ್ಕಿಂತ ಹತ್ತಿರದ್ದು. ಮಹಾರಾಷ್ಟ್ರ ಸರ್ಕಾರದ ಸಂಸ್ಥೆ, ಪುಣೆಯ ಬಾಲಭಾರತಿ, 1967ರಿಂದ ಪಠ್ಯಪುಸ್ತಕ ಮಾಡುತ್ತಿದೆ. ಮರಾಠಿ ಮಕ್ಕಳಿಗೆ ಮಾತ್ರವಲ್ಲ, ಕನ್ನಡದಲ್ಲಿ ಕಲಿಯುವ ನಮ್ಮ ಮಕ್ಕಳಿಗೂ ಗಣಿತ, ವಿಜ್ಞಾನ ಅಚ್ಚಾಗುತ್ತದೆ. ಎಷ್ಟೇ ಕಡಿಮೆ ಮಕ್ಕಳಿರಲಿ, ಪುಸ್ತಕ ಬರಬೇಕು, ಅದು ಸರ್ಕಾರದ ಹೊಣೆ. ಟ್ಯಾಬ್‌ಗೆ ಪಾಠ ತುಂಬುವ ಕಂಪನಿಗೆ ಆ ಹಂಗಿಲ್ಲ. ಅದು ಇಂಗ್ಲಿಷ್, ಹಿಂದಿ, ಮರಾಠಿ ತುಂಬುತ್ತದೆ. ಕನ್ನಡಕ್ಕೆ ಗಿರಾಕಿ ಎಷ್ಟು ಎಂದು ಕೇಳುತ್ತದೆ. ಮುಂಬಯಿ ಮಹಾನಗರಪಾಲಿಕೆ 2015ರಲ್ಲಿ ಎಂಟನೆಯ ತರಗತಿಗೆ ಟ್ಯಾಬ್ ಹಂಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಪಠ್ಯ ಬದಲಾದರೆ ಒಳಗಿನ ಪಾಠ ಬದಲಿಸುವವರು ಯಾರು ಎಂದು ಕೇಳಿದವನಿಗೆ ಅಂಥ ಸಭೆಗಳಲ್ಲಿ ಕುರ್ಚಿ ಸಿಗುವುದಿಲ್ಲ.

ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಬ್ಯಾಂಕ್ ಅಧಿಕಾರಿಯಾದವರೊಬ್ಬರು ನಮ್ಮ ಕಚೇರಿಗೆ ಬರುತ್ತಿದ್ದರು. ಮ್ಯಾಟ್ರಿಕ್ ಓದುವಾಗ ಅವರು ಹೊಸ ಪುಸ್ತಕ ಕಂಡೇ ಇರಲಿಲ್ಲವಂತೆ. ಹಿಂದಿನ ವರ್ಷ ಪಾಸಾದ ಹುಡುಗ ತನ್ನದನ್ನು ಕೊಟ್ಟು ಹೋಗುತ್ತಿದ್ದ. ಅಂಚಿನಲ್ಲಿ ಅವನು ಪೆನ್ಸಿಲಿನಲ್ಲಿ ಗೀಚಿದ ಅರ್ಥಗಳೇ ಪುಕ್ಕಟೆ ಗೈಡು. ಅಡುಗೆಮನೆಯ ಹಿಂದೆ ಹಾಸಿಗೆ ಬಿಡಿಸುವಲ್ಲಿ ಒಂದೇ ಪುಸ್ತಕವನ್ನು ಮೂವರು ಸರದಿಯಲ್ಲಿ ಓದುತ್ತಿದ್ದರು. ನಿಮ್ಮ ಮೊಮ್ಮಗಳ ಟ್ಯಾಬ್ ಮುಂದಿನ ವರ್ಷ ಯಾರಿಗೆ ದಾಟೀತು? ಪಾಸ್‌ವರ್ಡ್ ಶಾಲೆಯದು, ಗಾಜು ಒಡೆದರೆ ಖರ್ಚು ನಿಮ್ಮ ಮಗನದು.

ಇನ್ನು, ಟ್ಯಾಬ್ ಬಂದರೆ ಕನ್ನಡ ಶಾಲೆಗೆ ಮಕ್ಕಳು ಬಂದಾರು ಎಂಬ ಮಾತು. ಮೊಮ್ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ ಅಜ್ಜ ಇದನ್ನು ಬರೆಯಲು ಧೈರ್ಯ ಬೇಕು, ಮೆಚ್ಚಿದೆ! ಶಾಲೆಗಳು ಬರಿದಾದದ್ದು ಯಂತ್ರವಿಲ್ಲದೆ ಅಲ್ಲ, ನಾವು ಕಳಿಸದೆ. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟಕ್ಕೆ ಎಂದಾದರೂ ದುಡ್ಡು ಕಡಿಮೆ ಬಿದ್ದದ್ದುಂಟೇ? ಅದೇ ಸಂಘದ ವಾಚನಾಲಯಕ್ಕೆ ಎರಡು ಪತ್ರಿಕೆ ತರಿಸಿ ಅನ್ನಿ, ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆಯಾಗಬೇಕಂತೆ. ಲಕ್ಷ ಸುರಿದು ಮದುವೆ ಮಾಡುವ ಬಂಧುಗಳು ನನಗೆ ಫೋನ್ ಮಾಡಿ, "ಈ ತಿಂಗಳ ಸಂಚಿಕೆಯ ಪಿಡಿಎಫ್ ವಾಟ್ಸಪ್ಪಿಗೆ ಹಾಕಿಬಿಡಿ ಸಾರ್" ಅನ್ನುತ್ತಾರೆ. ಕಾಗದಕ್ಕೆ, ಮುದ್ರಣಕ್ಕೆ, ಅಂಚೆಗೆ ನಾವು ತೆತ್ತದ್ದನ್ನು ಅವರು ಲೋಕಲ್‌ನಲ್ಲಿ ನಿಂತು, ಹೆಬ್ಬೆರಳಲ್ಲಿ ತಳ್ಳಿ, ದಾದರ್ ಬರುವಷ್ಟರಲ್ಲಿ ಮುಗಿಸುತ್ತಾರೆ.

ನೀವು ಹಾಗಲ್ಲ. ಅಚ್ಚಿನ ಸಂಚಿಕೆಯನ್ನೇ ತರಿಸಿ ಓದುವವರು. ಅಂದ ಹಾಗೆ, ನಿಮ್ಮ ಚಂದಾ ಮಾರ್ಚಿಗೇ ಮುಗಿದಿದೆ.

– ಸಂ.