ಶನಿವಾರ ಆ ಸಿನಿಮಾ ಹಾಕಬೇಡ ತಮ್ಮಾ

ಕೊಪ್ಪದ ತಮ್ಮನ ಪೋಸ್ಟ್‌ಗೆ ಉತ್ತರ. ಈಗಷ್ಟೇ ಡಿಗ್ರಿ ಮುಗಿಸಿದ್ದೇನೆ ಅಂದಿದ್ದೀಯ, ಅದಕ್ಕೇ ತಮ್ಮ ಅಂತ ಕರೆಯುತ್ತಿದ್ದೇನೆ. ಶನಿವಾರ ದೊಡ್ಡಪ್ಪನ ಮನೆಯವರೆಲ್ಲ ಊಟಕ್ಕೆ ಬರುತ್ತಾರೆ, ಹಾಲ್‌ನ ಟಿವಿಗೆ ಇಬ್ಬರು ಗಂಡಸರ ಪ್ರೀತಿಯ ಸಿನಿಮಾ ಬ್ರೋಕ್‌ಬ್ಯಾಕ್ ಮೌಂಟನ್ ಹಾಕುತ್ತೇನೆ, ಮುಗಿದ ಮೇಲೆ 'ನಾನೂ ಹೀಗೇ, ಗೇ' ಅಂತ ಹೇಳಿಬಿಡುತ್ತೇನೆ ಅಂತ ಬರೆದಿದ್ದೀಯ. ಕೆಳಗೆ ಎಲ್ಲರೂ 'ಸೂಪರ್ ಐಡಿಯಾ' ಅಂದಿದ್ದಾರೆ. ಅವರಲ್ಲಿ ಒಬ್ಬರೂ ಭಾನುವಾರ ಬೆಳಗ್ಗೆ ನಿಮ್ಮನೆಯಲ್ಲಿ ತಿಂಡಿಗೆ ಕೂರುವುದಿಲ್ಲ. ನೀನು ಕೂರಬೇಕು.

ನಾನು ಇದನ್ನೇ ಮಾಡಿದವನು. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂತ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಿತಲ್ಲ, ಆ ಧೈರ್ಯದಲ್ಲಿದ್ದೆ. ಡಿಸೆಂಬರ್‌ನಲ್ಲಿ ಕೊನೆಕೊಯ್ಲಿಗೆ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ರಾತ್ರಿ ಊಟ ಆದ ಮೇಲೆ ಅದೇ ಸಿನಿಮಾ ಹಾಕಿದೆ. ಡೇರೆಯಲ್ಲಿ ಇಬ್ಬರೂ ಒಂದಾಗುವ ದೃಶ್ಯ ಬಂತು. ಚಿಕ್ಕಪ್ಪ ಎದ್ದು ಜಗಲಿಗೆ ಹೋದರು. ಅಪ್ಪಯ್ಯ ಎಲೆ ಅಡಿಕೆ ತಟ್ಟೆ ಹುಡುಕಿಕೊಂಡು ಒಳಗೆ ಹೋದವರು ವಾಪಸ್ ಬರಲಿಲ್ಲ. ಅಮ್ಮ ಮಾತ್ರ ಕೊನೆವರೆಗೂ ಕೂತರು. ಕೊನೆಗೆ ಅವರಿಬ್ಬರಲ್ಲಿ ಒಬ್ಬ ಸಾಯುತ್ತಾನೆ, ಇನ್ನೊಬ್ಬ ಅವನ ಅಂಗಿ ಇಟ್ಟುಕೊಂಡು ಒಂಟಿಯಾಗಿ ಉಳಿಯುತ್ತಾನೆ. ಅಮ್ಮ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು: "ಇಂಥವರಿಗೆಲ್ಲ ಕೊನೆಗೆ ಇದೇ ಗತಿನಾ?"

ಆಮೇಲೆ ನನ್ನ ಬಾಯಿಂದ ಏನು ಬರಬೇಕು? ಐದು ವರ್ಷ ಬರಲಿಲ್ಲ.

ಸಿನಿಮಾ ಕೆಟ್ಟದ್ದಲ್ಲ. ಮೂರು ಆಸ್ಕರ್ ಬಂದಿದೆ, ನಾನು ನಾಲ್ಕು ಸಲ ನೋಡಿದ್ದೇನೆ. ಆದರೆ ಅದು ನನಗೆ ಸಿನಿಮಾ, ಅಮ್ಮನಿಗಲ್ಲ. ನಾನು ನೋಡಿದ್ದು ಪ್ರೀತಿ. ಅವರು ನೋಡಿದ್ದು ಹೊಡೆದು ಸಾಯಿಸಿದ ಹುಡುಗನನ್ನ. ಅದಕ್ಕೇ ಮೊದಲ ಸಲಕ್ಕೆ ಸಾವಿನ ಸಿನಿಮಾ ಬೇಡವೇ ಬೇಡ. ಅಲಿಗಢ್ ಬೇಡ, ಮೈ ಬ್ರದರ್ ನಿಖಿಲ್ ಬೇಡ, ಫಿಲಡೆಲ್ಫಿಯಾ ಬೇಡ. ಮನೋಜ್ ಬಾಜಪೇಯಿ ಅಲಿಗಢ್‌ನಲ್ಲಿ ಒಬ್ಬನೇ ಕೂತು ಲತಾ ಹಾಡು ಕೇಳುವ ದೃಶ್ಯ ನನಗೆ ಪ್ರಾಣ. ಆದರೂ ಅದು ಎರಡನೇ ವರ್ಷದ ಪಾಠ.

ಬ್ರೋಕ್‌ಬ್ಯಾಕ್ ಮಾಡಿದ ಆಂಗ್ ಲೀ ಸಿನಿಮಾನೇ ಬೇಕು ಅಂದರೆ ಅವರದೇ ದಿ ವೆಡ್ಡಿಂಗ್ ಬ್ಯಾಂಕ್ವೆಟ್ ಇದೆ, 1993ರದ್ದು. ನ್ಯೂಯಾರ್ಕ್‌ನಲ್ಲಿ ಗೆಳೆಯನ ಜೊತೆ ಇರುವ ತೈವಾನ್ ಹುಡುಗ. ಅಪ್ಪ ಅಮ್ಮನ ಸಮಾಧಾನಕ್ಕೆ ಸುಳ್ಳು ಮದುವೆ ಆಗುತ್ತಾನೆ. ಅದರಲ್ಲಿ ಅಪ್ಪನ ಪಾತ್ರ ನೋಡು. ಎಲ್ಲ ಗೊತ್ತಿದ್ದೂ ಸುಮ್ನೆ ಇರುತ್ತಾರೆ. ನಮ್ಮ ಕಡೆ ಎಷ್ಟು ಅಪ್ಪಂದಿರು ಹಾಗೇ ಇದ್ದಾರೆ ಅಲ್ವಾ?

ನನಗೆ ಕೆಲಸ ಮಾಡಿದ್ದು ಕಾತಲ್. ಜಿಯೋ ಬೇಬಿ ನಿರ್ದೇಶನ, 2023ರ ಮಲಯಾಳಂ ಸಿನಿಮಾ. ಮಮ್ಮುಟ್ಟಿ ಪಂಚಾಯ್ತಿ ಉಪಚುನಾವಣೆಗೆ ನಿಲ್ಲುತ್ತಾರೆ, ಅದೇ ಹೊತ್ತಿಗೆ ಹೆಂಡತಿ, ಗಂಡ ಗೇ ಅಂತ ವಿಚ್ಛೇದನಕ್ಕೆ ಹಾಕುತ್ತಾಳೆ. ಮುಜುಗರ ಆಗುವಂಥ ಒಂದು ದೃಶ್ಯವೂ ಇಲ್ಲ. ಮಳೆ, ತೋಟ, ಪಂಚಾಯ್ತಿ ರಾಜಕೀಯ, ಎಲ್ಲ ನಮ್ಮೂರಿನದ್ದೇ ಅನಿಸುತ್ತದೆ.

ನೋಡುವ ಕ್ರಮ ಮುಖ್ಯ, ಇದನ್ನು ಸರಿಯಾಗಿ ಓದು. ಒಬ್ಬರ ಜೊತೆ ಮಾತ್ರ ನೋಡಬೇಕು. ಹಗಲಿನಲ್ಲಿ. ಕೈಯಲ್ಲಿ ಏನಾದರೂ ಕೆಲಸ ಇರಬೇಕು. 2024ರ ಮಾರ್ಚ್‌ನಲ್ಲಿ ಅಮ್ಮ ಒಣಗಿದ ಅಡಿಕೆ ಆರಿಸಲು ಕೂತಿದ್ದರು. ಪಕ್ಕದಲ್ಲಿ ನಾನೂ ಕೂತೆ, ಮುಂದೆ ಟ್ಯಾಬ್ ಇಟ್ಟೆ. ಕೈ ಆಡುತ್ತಿದ್ದರೆ ಮನಸ್ಸು ಬಿಗಿಯಾಗುವುದಿಲ್ಲ. ಇಬ್ಬರೂ ಒಂದೇ ಕಡೆ ನೋಡುತ್ತಿರುತ್ತೀರಿ, ಮುಖ ಮುಖ ನೋಡುವ ಕಷ್ಟ ಇರುವುದಿಲ್ಲ. ಸುಲಿಯುವ ಕೆಲಸ ಮಾತ್ರ ಬೇಡ. ಮೆಟ್ಟುಗತ್ತಿ ಮುಂದೆ ಕೂತು ಸಿನಿಮಾ ನೋಡಿದರೆ ಬೆರಳು ಹೋಗುತ್ತದೆ. ಅವರೆಕಾಳು ಬಿಡಿಸುವುದು, ಕಾಳುಮೆಣಸು ಹಸನು ಮಾಡುವುದು, ಅಂಥದ್ದು ಆಗುತ್ತದೆ.

ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಆಗುವುದಿಲ್ಲ. ನಾನು ಮೊದಲೇ ಎರಡು ಸಲ ನೋಡಿ, ಯಾವ ನಿಮಿಷದಲ್ಲಿ ಯಾವ ಮಾತು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ. ಕೋರ್ಟ್ ದೃಶ್ಯ ಬರುವ ಮುಂಚೆ ನಿಲ್ಲಿಸಿ ಎರಡು ವಾಕ್ಯದಲ್ಲಿ ವಿಷಯ ಹೇಳುತ್ತಿದ್ದೆ, ಅಷ್ಟೇ. ಸಾಲು ಸಾಲಿಗೂ ಅನುವಾದ ಮಾಡಬೇಡ, ಅವರು ಮಮ್ಮುಟ್ಟಿ ಮುಖ ನೋಡುವುದು ಬಿಟ್ಟು ನಿನ್ನ ಬಾಯಿ ನೋಡುತ್ತಾರೆ.

ಅಮ್ಮ ಮಮ್ಮುಟ್ಟಿ ಬಗ್ಗೆ ಏನೂ ಕೇಳಲಿಲ್ಲ. ಹೆಂಡತಿಯಾಗಿರುವ ಜ್ಯೋತಿಕಾ ಪಾತ್ರದ ಬಗ್ಗೆ ಕೇಳಿದರು. "ಪಾಪ, ಅಷ್ಟು ವರ್ಷ ಆ ಹೆಂಗಸು ಏನು ತಪ್ಪು ಮಾಡಿದ್ಲು?" ಅಂದರು. ಸ್ವಲ್ಪ ಹೊತ್ತು ಅಡಿಕೆ ಆರಿಸಿದರು. ಆಮೇಲೆ, "ಶೃಂಗೇರಿ ಕಡೆ ಹುಡುಗಿ ನೋಡಕ್ಕೆ ಹೋಗಿದ್ವಲ್ಲ, ಅವಳಿಗೂ ಹಿಂಗೇ ಆಗ್ತಿತ್ತಾ?" ಅಂದರು. ನಾನು ಹೌದು ಅಂದೆ. ಹೇಳಿದ್ದು ಅಷ್ಟೇ.

ಹಾಗಂತ ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನನಗೆ ಆಗ ನನ್ನದೇ ಸಂಬಳ ಇತ್ತು, ಶಿವಮೊಗ್ಗದಲ್ಲಿ ಬಾಡಿಗೆ ಮನೆ ಇತ್ತು. ನಿನಗೆ ಕೆಲಸ ಸಿಕ್ಕಿಲ್ಲ ಅಂದಿದ್ದೀಯ. ಮನೆಯಲ್ಲಿ ಹೊಡೆಯುವವರು, ಹೊರಗೆ ಹಾಕುವವರು ಇದ್ದರೆ ಸಿನಿಮಾ ತೋರಿಸು, ನಿನ್ನ ವಿಷಯ ಎತ್ತಬೇಡ. ಎರಡೂ ಒಂದೇ ದಿನ ಆಗಬೇಕು ಅಂತ ಯಾರು ಹೇಳಿದರು?

ಇನ್ನೊಂದು, ಕೆಳಗೆ ಒಬ್ಬರು 'ನಾನು ಅವನಲ್ಲ ಅವಳು' ತೋರಿಸು ಅಂದಿದ್ದಾರೆ. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ, ಪ್ರತಿ ಕನ್ನಡಿಗ ನೋಡಬೇಕು. ಆದರೆ ಅದು ಟ್ರಾನ್ಸ್ ಹೆಣ್ಣುಮಗಳ ಕಥೆ, ಗೇ ಕಥೆ ಅಲ್ಲ. ಎರಡನ್ನೂ ಒಂದೇ ಮಾಡಿ ಸಲಹೆ ಕೊಡಬೇಡಿ ದಯವಿಟ್ಟು. ಇವನ ಅಮ್ಮ ಮಗ ಸೀರೆ ಉಡುತ್ತಾನಾ ಅಂತ ಯೋಚಿಸುತ್ತಾ ಕೂರುತ್ತಾರೆ.

ಹಿಂದಿ ಅರ್ಥ ಆಗುವ ಮನೆಯಾದರೆ ಬಧಾಯಿ ದೋ ಒಳ್ಳೆಯದು. ಈವ್ನಿಂಗ್ ಶ್ಯಾಡೋಸ್ ಅಂತೂ ಮಗ ಅಮ್ಮನಿಗೆ ಹೇಳುವ ಕಥೆಯೇ. ಶುಭ್ ಮಂಗಲ್ ಜ್ಯಾದಾ ಸಾವಧಾನ್‌ನಲ್ಲಿ ಗಲಾಟೆ ಜಾಸ್ತಿ, ಆದರೆ ಅಪ್ಪ ಕೃಷಿ ವಿಜ್ಞಾನಿ, ಕಪ್ಪು ಹೂಕೋಸು ಬೆಳೆಯುತ್ತಾರೆ. ನಮ್ಮ ಅಪ್ಪಯ್ಯ ಆ ಕೋಸು ನೋಡಲೆಂದೇ ಕೂತರು.

ನೀನು ಒಬ್ಬನೇ ನೋಡಲು ಗಾಡ್ಸ್ ಓನ್ ಕಂಟ್ರಿ, 2017ರದ್ದು. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಕುರಿ ಸಾಕುವ ಮನೆ, ಆ ಮನೆಯ ಮಗ ಮತ್ತು ಅಲ್ಲಿಗೆ ಕೆಲಸಕ್ಕೆ ಬಂದವನ ಪ್ರೀತಿ. ಕೆಲಸಕ್ಕೆ ಬಂದವನು ಸತ್ತ ಮರಿಯ ಚರ್ಮ ತೆಗೆದು ಬೇರೆ ಮರಿಗೆ ತೊಡಿಸುತ್ತಾನೆ, ತಾಯಿ ಕುರಿ ಹಾಲು ಕೊಡಲಿ ಅಂತ. ನಮ್ಮ ಹಳಬರು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ಇರುತ್ತಾರೆ. ಬಿಚ್ಚು ದೃಶ್ಯಗಳಿವೆ, ಮನೆಯವರ ಜೊತೆ ಬೇಡ.

ಮನೆಯವರೆಲ್ಲ ಒಂದೇ ಅಕೌಂಟ್ ಬಳಸುತ್ತಿದ್ದರೆ ಬೇರೆ ಪ್ರೊಫೈಲ್ ಮಾಡಿ ಪಿನ್ ಹಾಕು. ಅರ್ಧ ನೋಡಿದ ಸಿನಿಮಾ ಮುಖಪುಟದಲ್ಲೇ ಕೂತಿರುತ್ತದೆ, ದೊಡ್ಡಪ್ಪನ ಮಕ್ಕಳು ರಿಮೋಟ್ ಹಿಡಿದರೆ ಮುಗಿಯಿತು. ಟೆಲಿಗ್ರಾಂ ಕಾಪಿ ಮುಟ್ಟಬೇಡ. ಮಧ್ಯೆ ಜೂಜಿನ ಜಾಹೀರಾತು, ಸಬ್‌ಟೈಟಲ್ ಒಂದು ಕಡೆ ಮಾತು ಒಂದು ಕಡೆ. ನಿನ್ನದೇ ಫೈಲ್ ಇದ್ದರೆ ವಿಎಲ್‌ಸಿ ಬಿಟ್ಟು ಬೇರೆ ಪ್ಲೇಯರ್ ಬೇಡ. ಕಂಪ್ಯೂಟರ್‌ನಲ್ಲಿ ಜಿ, ಎಚ್ ಒತ್ತಿ ಸಬ್‌ಟೈಟಲ್ ಹಿಂದೆ ಮುಂದೆ ಸರಿಸಬಹುದು.

ಮಳೆ ಜೋರಿದ್ದಾಗ ಶೀಟಿನ ಮಾಡಿನ ಕೆಳಗೆ ಕಾತಲ್ ಹಾಕಬೇಡ. ಅದರಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಒಂದಕ್ಷರ ಕೇಳುವುದಿಲ್ಲ.

ಶನಿವಾರ ದೊಡ್ಡಪ್ಪನವರಿಗೆ ಯಾವುದಾದರೂ ರಾಜ್‌ಕುಮಾರ್ ಸಿನಿಮಾ ಹಾಕು. ಕಾತಲ್ ನಾನು ನೋಡಿದ್ದು ಪ್ರೈಮ್‌ನಲ್ಲಿ. ಈಗಲೂ ಇದ್ದರೆ ಇವತ್ತೇ ಡೌನ್‌ಲೋಡ್ ಮಾಡಿಡು, ಕರೆಂಟ್ ಹೋದರೆ ನಿಮ್ಮ ಕಡೆ ಟವರ್ ಕೂಡ ಹೋಗುತ್ತದೆ. ಮೊದಲು ಒಬ್ಬನೇ ನೋಡು. ನೋಡಿದ ಮೇಲೆ ಇಲ್ಲೇ ಬರಿ, ನನ್ನ ನೋಟ್‌ಬುಕ್‌ನ ಫೋಟೋ ಹಾಕುತ್ತೇನೆ.